ಎರಡು ವರ್ಷ ಕಮ್ಯೂನಿಟಿ ಕಾಲೇಜು, ಆಮೇಲೆ ಇಂಜಿನಿಯರಿಂಗ್: ಯಾವ ದಾರಿ ಯಾರಿಗೆ?

ಮಗಳು ಕಮ್ಯೂನಿಟಿ ಕಾಲೇಜಿಗೆ ಸೇರಿದಳು ಅಂತ ಅರಸೀಕೆರೆಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಡಿಪ್ಲೊಮಾನೇನೋ? ಚೆನ್ನಾಗಿ ಓದ್ತಿದ್ದಳಲ್ಲೋ ಮಗು" ಅಂದರು. ಅಮ್ಮನದು ತಪ್ಪಲ್ಲ. ನಮ್ಮ ಕಡೆ ಇದಕ್ಕೆ ಹತ್ತಿರದ್ದು ಅಂದರೆ ಅದೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ.

ಕ್ಯಾಲಿಫೋರ್ನಿಯಾದ ಲೆಕ್ಕ ಬೇರೆ. ಇಲ್ಲಿ ಕಮ್ಯೂನಿಟಿ ಕಾಲೇಜಿನಲ್ಲಿ ಓದುವುದು ಬೇರೊಂದು ಕೋರ್ಸನ್ನಲ್ಲ. ಅದೇ ಇಂಜಿನಿಯರಿಂಗ್ ಡಿಗ್ರಿಯ ಮೊದಲ ಎರಡು ವರ್ಷದ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್. ಉಳಿದದ್ದನ್ನು ಯೂನಿವರ್ಸಿಟಿಯಲ್ಲಿ ಮುಗಿಸಬೇಕು. ಹೀಗೆ ಹೋಗುವುದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ಕೊನೆಗೆ ಸಿಗುವ ಡಿಗ್ರಿಯ ಮೇಲೆ ಯೂನಿವರ್ಸಿಟಿಯ ಹೆಸರೊಂದೇ ಇರುತ್ತದೆ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೂಡ ಕುಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಓದಿ ಆಮೇಲೆ ಬರ್ಕ್ಲಿಗೆ ಹೋದವರು. ಈ ಮಾತನ್ನು ಅಮ್ಮನಿಗೂ ಹೇಳಿದೆ. ಅಷ್ಟೇನೂ ಪ್ರಯೋಜನ ಆಗಲಿಲ್ಲ.

ಈಗ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ನನಗೆ ಒಂದೇ ಪ್ರಶ್ನೆ. "ನಮ್ಮ ಹುಡುಗನಿಗೆ ಯಾವ ಯುಸಿ ನೋಡೋಣ? ಅಥವಾ ಸ್ಯಾನ್ ಹೊಸೆ ಸ್ಟೇಟ್ ಸಾಕಾ?" ಯುಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳು. ಎಲ್ಲರೂ ಹೆಸರಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಮೂರು ವರ್ಷ ಈ ವಿಷಯದಲ್ಲಿ ಮುಳುಗೆದ್ದ ಮೇಲೆ ನನ್ನ ಉತ್ತರ ಬದಲಾಗಿದೆ. ಹೆಸರು ಆಮೇಲೆ ನೋಡೋಣ, ಮೊದಲು ಕೋರ್ಸ್ ಪಟ್ಟಿ ತೆಗೆಯಿರಿ ಅನ್ನುತ್ತೇನೆ.

ದುಡ್ಡಿನ ಲೆಕ್ಕ, ಬೇಗ ಮುಗಿಸೋಣ

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ಕೋರ್ಸುಗಳನ್ನು ಅಳೆಯುವುದು ಯೂನಿಟ್, ಅಂದರೆ ಕ್ರೆಡಿಟ್ ಲೆಕ್ಕದಲ್ಲಿ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್ ಅಂದರೆ 1,380 ಡಾಲರ್. ಹೈಸ್ಕೂಲ್ ಮುಗಿಸಿ ಮೊದಲ ಬಾರಿಗೆ ಪೂರ್ಣಾವಧಿ ಸೇರಿದವರಿಗೆ ಎರಡು ವರ್ಷ ಈ ಫೀಯನ್ನೂ ಬಿಡುವ ಕಾಲೇಜುಗಳು ಬಹಳ ಇವೆ. ಇದಕ್ಕೆ ಕಾಲೇಜ್ ಪ್ರಾಮಿಸ್ ಅನ್ನುತ್ತಾರೆ.

ಸ್ಯಾನ್ ಹೊಸೆ ಸ್ಟೇಟ್, ಕ್ಯಾಲ್ ಪಾಲಿ ಇಂಥವು ಸಿಎಸ್‌ಯು, ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಗುಂಪಿನವು. ಅಲ್ಲಿ 2025–26ರಲ್ಲಿ ಬರೀ ಟ್ಯೂಷನ್ 6,450 ಡಾಲರ್. ಕ್ಯಾಂಪಸ್ ಫೀ ಬೇರೆ. 2028–29ರವರೆಗೆ ಪ್ರತಿ ವರ್ಷ ಶೇಕಡಾ 6 ಏರಿಸುತ್ತಾ ಹೋಗುವ ತೀರ್ಮಾನ ಆಗಿದೆ. ಯುಸಿ ಅಂದರೆ ಬರ್ಕ್ಲಿ, ಲಾಸ್ ಏಂಜಲಿಸ್, ಡೇವಿಸ್ ಇತ್ಯಾದಿ. ಅಲ್ಲಿ ಟ್ಯೂಷನ್ನೇ 15 ಸಾವಿರದ ಹತ್ತಿರ. ಹಾಸ್ಟೆಲ್, ಊಟ, ಪುಸ್ತಕ ಸೇರಿಸಿದರೆ ವರ್ಷಕ್ಕೆ 40 ಸಾವಿರ ದಾಟುತ್ತದೆ.

ಹಾಗಾಗಿ ನೇರ ಯುಸಿಗೆ ಹೋಗುವುದಕ್ಕೂ ಎರಡು ವರ್ಷ ಮನೆಯಲ್ಲಿದ್ದು ಹೋಗುವುದಕ್ಕೂ 70–80 ಸಾವಿರ ಡಾಲರ್ ವ್ಯತ್ಯಾಸ ಬರಬಹುದು. ಆದರೆ ಇದು ಎರಡೇ ವರ್ಷದಲ್ಲಿ ಟ್ರಾನ್ಸ್‌ಫರ್ ಆದರೆ ಮಾತ್ರ. ಇಂಜಿನಿಯರಿಂಗ್‌ನಲ್ಲಿ ಮೂರು ವರ್ಷ ಹಿಡಿಯುವುದು ಮಾಮೂಲು. ಅದು ಯಾಕೆ ಅನ್ನುವುದರಲ್ಲೇ ಅರ್ಧ ಕಥೆ ಇದೆ.

ಪಟ್ಟಿ

ಅಸಿಸ್ಟ್ ಅಂತ ರಾಜ್ಯದ ಒಂದು ವೆಬ್‌ಸೈಟ್ ಇದೆ. ಅದರಲ್ಲಿ ನಿಮ್ಮ ಕಮ್ಯೂನಿಟಿ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಮೂರನ್ನೂ ಆರಿಸಿದರೆ ಒಂದು ಪಟ್ಟಿ ಬರುತ್ತದೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸ್. ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸ್. ಇದು ಸಲಹೆಯಲ್ಲ, ಎರಡು ಸಂಸ್ಥೆಗಳ ನಡುವಿನ ಒಪ್ಪಂದ. ಕೌನ್ಸೆಲರ್ ಏನೇ ಹೇಳಲಿ, ಪಕ್ಕದ ಮನೆಯವರ ಮಗ ಏನೇ ಮಾಡಿರಲಿ, ಕೊನೆಗೆ ನಡೆಯುವುದು ಈ ಪಟ್ಟಿಯ ಮಾತು.

ನಮ್ಮ ಊಟದ ಮೇಜಿನ ಮೇಲೆ ಇಂಥ ಐದು ಪಟ್ಟಿಗಳನ್ನು ಪ್ರಿಂಟ್ ತೆಗೆದು ಹರಡಿಕೊಂಡು ಕೂತಿದ್ದೆವು. ಐದೂ ಮೆಕ್ಯಾನಿಕಲ್‌ನವೇ. ಮಗಳು ಹಳದಿ ಹೈಲೈಟರ್ ಹಿಡಿದುಕೊಂಡು, ಐದರಲ್ಲೂ ಇರುವ ಕೋರ್ಸ್‌ಗಳಿಗೆ ಬಣ್ಣ ಬಳಿಯುತ್ತಾ ಹೋದಳು. ಕ್ಯಾಲ್ಕ್ಯುಲಸ್ ಪೂರ್ತಿ ಸರಣಿ, ಡಿಫರೆನ್ಶಿಯಲ್ ಇಕ್ವೇಶನ್ಸ್, ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕ್ಯುಲಸ್ ಬಳಸುವ ಫಿಸಿಕ್ಸ್, ಒಂದು ಕೆಮಿಸ್ಟ್ರಿ, ಇಂಗ್ಲಿಷ್. ಇಷ್ಟು ಎಲ್ಲ ಕಡೆ ಹಳದಿ. ಬಣ್ಣ ಹತ್ತದೆ ಉಳಿದದ್ದರಲ್ಲಿ ಜಗಳ. ಒಂದು ಕಡೆ ಸ್ಟ್ಯಾಟಿಕ್ಸ್ ಬೇಕು, ಇನ್ನೊಂದು ಕಡೆ ಸರ್ಕ್ಯೂಟ್ಸ್. ಒಬ್ಬರಿಗೆ ಮ್ಯಾಟ್‌ಲ್ಯಾಬ್, ಇನ್ನೊಬ್ಬರಿಗೆ ಸಿ++. ಒಂದು ಪಟ್ಟಿಯಲ್ಲಂತೂ ಎರಡು ಸಾಲಿನ ಎದುರು "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಅಂತ ಬರೆದಿತ್ತು. ಅಂದರೆ ಆ ಕೋರ್ಸಿಗೆ ಸಮನಾದದ್ದು ನಿಮ್ಮ ಕಾಲೇಜಿನಲ್ಲಿ ಇಲ್ಲ. ಬೇರೆ ಕಾಲೇಜಿನಲ್ಲಿ ಹುಡುಕಿ ಮುಗಿಸಬೇಕು, ಇಲ್ಲವೇ ಯೂನಿವರ್ಸಿಟಿಗೆ ಹೋದ ಮೇಲೆ ಕಿರಿಯರ ಜೊತೆ ಕೂತು ಓದಬೇಕು.

ಮೊದಲ ಹೋಲಿಕೆ ಮಾಡಬೇಕಾದ್ದು ಇಲ್ಲಿಯೇ. ಯಾವ ಯೂನಿವರ್ಸಿಟಿಯ ಪಟ್ಟಿ ನಿಮ್ಮ ಕಾಲೇಜಿನಲ್ಲಿ ಪೂರ್ತಿ ತುಂಬುತ್ತದೆ, ಯಾವುದು ತುಂಬುವುದಿಲ್ಲ? ಹತ್ತಿರದಲ್ಲಿ ಮೂರು ನಾಲ್ಕು ಕಾಲೇಜುಗಳಿದ್ದರೆ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ. ಫ್ರೀಮಾಂಟ್‌ನಲ್ಲಿ ಓಲೋನಿ, ಸಾಂಟಾ ಕ್ಲಾರಾದಲ್ಲಿ ಮಿಷನ್, ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ಫುಟ್‌ಹಿಲ್, ಕುಪರ್ಟಿನೋದಲ್ಲಿ ಡಿ ಆಂಜಾ. ಎಲ್ಲ ಕಡೆ ಕ್ಯಾಲ್ಕ್ಯುಲಸ್ ಸಿಗುತ್ತದೆ. ಆದರೆ ಸ್ಟ್ಯಾಟಿಕ್ಸ್, ಸರ್ಕ್ಯೂಟ್ಸ್, ಮೆಟೀರಿಯಲ್ಸ್ ಇಂಥ ಇಂಜಿನಿಯರಿಂಗ್ ಕ್ಲಾಸ್‌ಗಳು ಎಲ್ಲ ಕಡೆ, ಎಲ್ಲ ಟರ್ಮಿನಲ್ಲೂ ಇರುವುದಿಲ್ಲ. ಸಣ್ಣ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ನಡೆಸಿದರೆ ಅದೇ ದೊಡ್ಡದು. ಆ ಒಂದು ಸಲ ತಪ್ಪಿತೋ, ಮುಂದಿನ ವರ್ಷವೇ.

ಇನ್ನು ಸರಪಳಿಯ ವಿಷಯ. ಡಿ ಆಂಜಾದಲ್ಲಿ ಗಣಿತ ಹೀಗಿದೆ: 1ಎ, 1ಬಿ, 1ಸಿ, 1ಡಿ ಕ್ಯಾಲ್ಕ್ಯುಲಸ್, ಆಮೇಲೆ 2ಎ ಡಿಫರೆನ್ಶಿಯಲ್ ಇಕ್ವೇಶನ್ಸ್, 2ಬಿ ಲೀನಿಯರ್ ಆಲ್ಜಿಬ್ರಾ. ಒಟ್ಟು ಆರು. ಅಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್ ಪದ್ಧತಿ: ವರ್ಷಕ್ಕೆ ಮೂರು ಕ್ವಾರ್ಟರ್, ಎರಡು ವರ್ಷಕ್ಕೆ ಆರು. ಕ್ವಾರ್ಟರಿಗೆ ಒಂದರಂತೆ ತೆಗೆದುಕೊಂಡರೆ ಒಂದು ಕ್ಲಾಸ್ ಕೂಡ ತಪ್ಪುವಂತಿಲ್ಲ. ಕೊನೆಯ ಕೆಲವನ್ನು ಜೊತೆಯಲ್ಲಿ ತೆಗೆದುಕೊಳ್ಳಬಹುದು, ನಿಜ. ಆದರೆ ಪಕ್ಕದಲ್ಲೇ ಫಿಸಿಕ್ಸ್ 4ಎ, 4ಬಿ, 4ಸಿ, 4ಡಿ ಇನ್ನೊಂದು ಸರಪಳಿ ಓಡುತ್ತಿರುತ್ತದೆ. ಕ್ಯಾಲ್ಕ್ಯುಲಸ್ ಹಿಡಿಯದೆ ಅದಕ್ಕೆ ಕೂರುವಂತಿಲ್ಲ. ಸೀಟು ತುಂಬಿ ವೇಟ್‌ಲಿಸ್ಟ್‌ನಲ್ಲಿ ನಿಂತರೆ ಎರಡೂ ಸರಪಳಿ ಜಗ್ಗುತ್ತವೆ. ಹೈಸ್ಕೂಲಿನಲ್ಲೇ ಎಪಿ, ಅಂದರೆ ಕಾಲೇಜು ಮಟ್ಟದ ಕ್ಯಾಲ್ಕ್ಯುಲಸ್ ಮಾಡಿ ಒಳ್ಳೆ ಅಂಕ ತಂದ ಮಕ್ಕಳಿಗೆ ಇಲ್ಲಿ ಉಸಿರಾಡಲು ದೊಡ್ಡ ಬಿಡುವು ಸಿಗುತ್ತದೆ.

ನಾವು ಎಡವಿದ್ದು ಇಲ್ಲೇ. ಮಗಳು ಓದಿದ್ದು ಸೆಮಿಸ್ಟರ್ ಕಾಲೇಜಿನಲ್ಲಿ. ಕ್ಯಾಲ್ಕ್ಯುಲಸ್ 1 ಆಗಿತ್ತು. ಬೇಸಿಗೆ ಸುಮ್ನೆ ಯಾಕೆ ಕಳೀಬೇಕು ಅಂತ ಕ್ವಾರ್ಟರ್ ಕಾಲೇಜೊಂದರಲ್ಲಿ ಅಲ್ಲಿಯ ಎರಡನೇ ಕ್ಯಾಲ್ಕ್ಯುಲಸ್ ಮಾಡಿದಳು. ಎ ಬಂತು. ಮನೆಯಲ್ಲಿ ಪಾಯಸ ಆಯಿತು. ಸೆಪ್ಟೆಂಬರಿನಲ್ಲಿ ಕ್ಯಾಲ್ಕ್ಯುಲಸ್ 3ಕ್ಕೆ ಹೆಸರು ಕೊಡಲು ಹೋದರೆ ತಗೊಳ್ಳಲಿಲ್ಲ. ಸೆಮಿಸ್ಟರಿನಲ್ಲಿ ಮೂರು ಕ್ಲಾಸಲ್ಲಿ ಮುಗಿಯುವ ಪಾಠವನ್ನು ಕ್ವಾರ್ಟರಿನಲ್ಲಿ ನಾಲ್ಕು ತುಂಡು ಮಾಡಿರುತ್ತಾರೆ. ಅವರ "ಎರಡು" ನಮ್ಮ "ಎರಡು" ಅಲ್ಲ. ಕ್ಯಾಲ್ಕ್ಯುಲಸ್ 2ನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು. ಫಿಸಿಕ್ಸ್ ಅದರ ಹಿಂದೆ ಜಾರಿತು. ಎರಡು ವರ್ಷದ ಪ್ಲ್ಯಾನ್ ಮೂರು ವರ್ಷವಾಯಿತು. ಬೈಯಲು ಯಾರೂ ಇರಲಿಲ್ಲ. ಒಂದು ಇಮೇಲ್ ಹಾಕಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು, ನಾವೇ ಕೇಳಲಿಲ್ಲ.

ಹಾಗಾಗಿ ಒಂದು ಸರಣಿಯನ್ನು ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ. ಬೇಸಿಗೆಯಲ್ಲಿ ಬೇರೆ ಕಡೆ ಮಾಡಲೇಬೇಕು ಅಂದರೆ ಇಂಗ್ಲಿಷ್, ಇತಿಹಾಸ ಇಂಥ ಒಂಟಿ ಕೋರ್ಸ್ ಮಾಡಿ.

ಟ್ಯಾಗ್: ಕೈಯಲ್ಲಿರುವ ಹಕ್ಕಿ

ಈಗ ದಾರಿಗಳಿಗೆ ಬರೋಣ. ಯುಸಿಯ ಆರು ಕ್ಯಾಂಪಸ್‌ಗಳು ಕಮ್ಯೂನಿಟಿ ಕಾಲೇಜಿನ ಮಕ್ಕಳಿಗೆ ಖಾತರಿ ಸೀಟು ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಇದನ್ನು ಎಲ್ಲರೂ ಟ್ಯಾಗ್ ಅಂತಲೇ ಕರೆಯುತ್ತಾರೆ. ಅವರು ಹೇಳಿದ ಜಿಪಿಎ (ಗ್ರೇಡುಗಳ ಸರಾಸರಿ), ಹೇಳಿದ ಕೋರ್ಸ್‌ಗಳು, ಹೇಳಿದ ಯೂನಿಟ್‌ಗಳು ಇದ್ದರೆ ಸೀಟು ಖಚಿತ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ.

ಆದರೆ ಇಂಜಿನಿಯರಿಂಗ್ ಅಂದ ಕೂಡಲೇ ಸಣ್ಣ ಅಕ್ಷರದ ಷರತ್ತು ಓದಬೇಕು. ಸಾಂಟಾ ಬಾರ್ಬರಾದ ಕಾಲೇಜ್ ಆಫ್ ಇಂಜಿನಿಯರಿಂಗ್‌ಗೆ ಟ್ಯಾಗ್ ಇಲ್ಲ. ಬೇರೆ ಕ್ಯಾಂಪಸ್‌ಗಳಲ್ಲೂ ಇಂಜಿನಿಯರಿಂಗ್‌ಗೆ ಬೇರೆ ಮೇಜರ್‌ಗಳಿಗಿಂತ ಹೆಚ್ಚಿನ ಜಿಪಿಎ ಕೇಳಬಹುದು, ಕೆಲವು ಮೇಜರ್‌ಗಳನ್ನೇ ಹೊರಗಿಡಬಹುದು. ಈ ಷರತ್ತುಗಳು ವರ್ಷ ವರ್ಷ ಬದಲಾಗುತ್ತವೆ. ಅಕ್ಕನ ಮಗ ಸೇರಿದ ವರ್ಷದ ಷರತ್ತು ನಿಮ್ಮ ಮಗನಿಗೆ ಉಪಯೋಗಕ್ಕೆ ಬರುವುದಿಲ್ಲ.

ಟ್ಯಾಗ್ ಅರ್ಜಿ ಹಾಕಲು ಸೆಪ್ಟೆಂಬರ್ ಒಂದೇ ತಿಂಗಳು, ಅದೂ ಒಂದೇ ಒಂದು ಕ್ಯಾಂಪಸ್ಸಿಗೆ. ಅಷ್ಟು ಹೊತ್ತಿಗೆ 30 ಸೆಮಿಸ್ಟರ್ ಯೂನಿಟ್ ಕೈಯಲ್ಲಿರಬೇಕು. ಕ್ವಾರ್ಟರ್ ಆದರೆ 45. ಟ್ಯಾಗ್ ಹಾಕಿದ ಮೇಲೆ ಮಾಮೂಲಿ ಯುಸಿ ಅರ್ಜಿಯನ್ನೂ ಹಾಕಲೇಬೇಕು. ಇದನ್ನು ಮರೆತವರೂ ಇದ್ದಾರೆ, ನಂಬಿ.

ಇದು ಯಾರಿಗೆ ಸರಿ? ಯುಸಿಯಲ್ಲೇ ಓದಬೇಕು, ಆದರೆ ಕ್ಯಾಂಪಸ್ ಯಾವುದಾದರೂ ಪರವಾಗಿಲ್ಲ ಅನ್ನುವವರಿಗೆ. ರಾತ್ರಿ ನಿದ್ದೆ ಬೇಕು ಅನ್ನುವ ಅಪ್ಪ ಅಮ್ಮಂದಿರಿಗೂ ಸರಿ. ಮರ್ಸೆಡ್ ಅಂದರೆ ನಮ್ಮವರು ಮೂಗು ಮುರಿಯುತ್ತಾರೆ. 2005ರಲ್ಲಿ ಶುರುವಾದ ಹೊಸ ಕ್ಯಾಂಪಸ್, ಸುತ್ತ ಹೊಲ. ನನಗೆ ಅದು ದೊಡ್ಡ ಕೊರತೆ ಅನ್ನಿಸುವುದಿಲ್ಲ. ಕ್ಲಾಸ್ ಚಿಕ್ಕದು, ಮೇಷ್ಟ್ರು ಕೈಗೆ ಸಿಗುತ್ತಾರೆ. ಡೇವಿಸ್ ನಮ್ಮ ಕಡೆಯವರಿಗೆ ಪ್ರಿಯ. ಸ್ಯಾನ್ ಹೊಸೆಯಿಂದ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿದರೆ ನೇರ ಊರೊಳಗೆ ಇಳಿಯಬಹುದು. ಹಬ್ಬಕ್ಕೆ ಮಗ ಮನೆಗೆ ಬರುತ್ತಾನೆ. ಹೋಗುವಾಗ ಚಟ್ನಿಪುಡಿ ಒಯ್ಯುತ್ತಾನೆ.

ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ: ಪೈಪೋಟಿಯ ಸಾಲು

ಇಲ್ಲಿ ಖಾತರಿ ಏನೂ ಇಲ್ಲ. ಯುಸಿಗೆ ಟ್ರಾನ್ಸ್‌ಫರ್ ಆಗಲು ರಾಜ್ಯದ ನಿವಾಸಿಗೆ ಬೇಕಾದ ಕನಿಷ್ಠ ಜಿಪಿಎ 2.4. ಆ ಅಂಕ ಹಿಡಿದುಕೊಂಡು ಇಲ್ಲಿಯ ಇಂಜಿನಿಯರಿಂಗ್ ಬಾಗಿಲು ತಟ್ಟುವುದು ವ್ಯರ್ಥ. ಇಲ್ಲಿ ನೋಡುವುದು ಗಣಿತ, ಫಿಸಿಕ್ಸ್‌ನ ಗ್ರೇಡ್ ಮತ್ತು ಪಟ್ಟಿಯಲ್ಲಿದ್ದದ್ದನ್ನೆಲ್ಲ ಮುಗಿಸಿದ್ದೀರಾ ಅನ್ನುವುದು.

ಒಂದು ಸಮಾಧಾನದ ಮಾತು ಹೇಳುತ್ತೇನೆ. ಟ್ರಾನ್ಸ್‌ಫರ್ ಅರ್ಜಿಯಲ್ಲಿ ಹೈಸ್ಕೂಲ್ ಅಂಕ ಲೆಕ್ಕಕ್ಕಿಲ್ಲ. ಹತ್ತನೇ ಕ್ಲಾಸಿನಲ್ಲಿ ಸಿ ತಂದ ಹುಡುಗನಿಗೆ ಹೊಸ ಸ್ಲೇಟು ಸಿಗುತ್ತದೆ. ಬೇರೆ ಯೂನಿವರ್ಸಿಟಿಯಿಂದ ಬರುವವರಿಗಿಂತ ಕ್ಯಾಲಿಫೋರ್ನಿಯಾ ಕಮ್ಯೂನಿಟಿ ಕಾಲೇಜಿನಿಂದ ಬರುವವರಿಗೆ ಯುಸಿ ಮೊದಲ ಮಣೆ ಹಾಕುತ್ತದೆ. ಇದು ಇವತ್ತಿನದಲ್ಲ. ಉನ್ನತ ಶಿಕ್ಷಣಕ್ಕೆ ರಾಜ್ಯ ಮಾಡಿದ 1960ರ ಮಾಸ್ಟರ್ ಪ್ಲ್ಯಾನ್ ಕಾಲದಿಂದ ಬಂದ ಏರ್ಪಾಡು.

ಈ ಸಾಲಿನಲ್ಲಿ ನಿಲ್ಲುವವರು ಒಂದು ತಪ್ಪು ಮಾಡಬಾರದು. ಕಮ್ಯೂನಿಟಿ ಕಾಲೇಜಿನ ಕೌನ್ಸೆಲಿಂಗ್ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುವ ಹೆಸರು ಕ್ಯಾಲ್-ಗೆಟ್ಸಿ. ಅಂದರೆ ಸಾಮಾನ್ಯ ಶಿಕ್ಷಣದ ಕೋರ್ಸ್‌ಗಳ ಪಟ್ಟಿ. 2025ರ ಫಾಲ್‌ನಿಂದ ಹಳೇ ಐಗೆಟ್ಸಿ ಬದಲಿಗೆ ಇದು ಬಂದಿದೆ. ಕಲೆ, ಇತಿಹಾಸ, ಸಮಾಜಶಾಸ್ತ್ರ ಎಲ್ಲ ಇದರಲ್ಲಿವೆ. ಸೈಕಾಲಜಿ ಓದುವ ಹುಡುಗಿಗೆ ಇದನ್ನು ಮುಗಿಸುವುದು ಜಾಣತನ. ಇಂಜಿನಿಯರಿಂಗ್‌ನವರಿಗೆ ಯುಸಿಯೇ ಹೇಳುವುದು ಬೇರೆ: ಮೊದಲು ಮೇಜರ್‌ಗೆ ಬೇಕಾದ ಗಣಿತ, ವಿಜ್ಞಾನ ಮುಗಿಸಿ. ಕಲೆಯ ಇತಿಹಾಸಕ್ಕೆ ಜಾಗ ಮಾಡಲು ಸರ್ಕ್ಯೂಟ್ಸ್ ಬಿಟ್ಟ ಮಕ್ಕಳನ್ನು ನೋಡಿದ್ದೇನೆ. ಅರ್ಜಿ ನೋಡುವವರಿಗೆ ಕಾಣುವುದು ಖಾಲಿ ಬಿಟ್ಟ ಸರ್ಕ್ಯೂಟ್ಸ್.

"ಸುಲಭದ ಮೇಜರ್‌ನಲ್ಲಿ ಒಳಗೆ ಹೋಗಿ ಆಮೇಲೆ ಬದಲಾಯಿಸೋಣ" ಅನ್ನುವ ಉಪಾಯವೂ ಬಹಳ ಜನರ ತಲೆಯಲ್ಲಿದೆ. ನೂಕುನುಗ್ಗಲು ಇರುವ ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಮೇಜರ್‌ಗಳಿಗೆ ಒಳಗಿನಿಂದ ಬಾಗಿಲು ಇನ್ನೂ ಕಿರಿದು. ಟ್ರಾನ್ಸ್‌ಫರ್ ಆದವರಿಗೆ ಉಳಿದಿರುವುದೇ ಎರಡು ವರ್ಷ. ಬದಲಾಯಿಸಲು ಸಮಯ ಎಲ್ಲಿದೆ?

ಯುಸಿ ಅರ್ಜಿಯಲ್ಲಿ ನಾಲ್ಕು ಸಣ್ಣ ಪ್ರಬಂಧ ಬರೆಯಬೇಕು. ಅದರಲ್ಲಿ ಒಂದು ಟ್ರಾನ್ಸ್‌ಫರ್‌ನವರಿಗೆ ಕಡ್ಡಾಯ. ಈ ಮೇಜರ್‌ಗೆ ಹೇಗೆ ತಯಾರಾದೆ ಅಂತ ಬರೆಯುವುದು. ಅಂಕದ ಜೊತೆ ಹೇಳಲು ಕಥೆ ಇರುವ ಮಕ್ಕಳಿಗೆ ಇದು ಅನುಕೂಲ. ಗ್ಯಾರೇಜಿನಲ್ಲಿ ಏನೋ ಬಿಚ್ಚಿ ಕಟ್ಟಿದ್ದು, ಕಾಲೇಜಿನ ರೋಬಾಟಿಕ್ಸ್ ಕ್ಲಬ್, ಬೇರೆಯವರಿಗೆ ಗಣಿತ ಹೇಳಿಕೊಟ್ಟದ್ದು, ಕೆಲಸ ಮಾಡಿಕೊಂಡು ಓದಿದ್ದು, ಎಲ್ಲ ಇಲ್ಲಿಗೆ ಬರುತ್ತದೆ.

ಸಿಎಸ್‌ಯು: ಮನೆಯ ಹತ್ತಿರ, ಕೆಲಸದ ಹತ್ತಿರ

ಸಿಎಸ್‌ಯು ಅರ್ಜಿಯಲ್ಲಿ ಪ್ರಬಂಧ ಇಲ್ಲ. ಅಂಕ, ಕೋರ್ಸು ನೋಡಿ ತೀರ್ಮಾನ. ನಮ್ಮ ಸಿಇಟಿ ರ‍್ಯಾಂಕ್ ಪದ್ಧತಿಯಲ್ಲಿ ಬೆಳೆದ ನನಗೆ ಇದು ಅರ್ಥವಾಗುವ ಭಾಷೆ.

ಸ್ಯಾನ್ ಹೊಸೆ ಸ್ಟೇಟ್ ಊರಿನ ನಡುಮಧ್ಯ ಇದೆ. ಮನೆಯಿಂದ ಓಡಾಡಬಹುದು. ಹಾಸ್ಟೆಲ್ ಖರ್ಚು ಉಳಿಯಿತು ಅಂದರೆ ಲೆಕ್ಕವೇ ಬದಲಾಗುತ್ತದೆ. ಸಿಲಿಕಾನ್ ವ್ಯಾಲಿಯ ಕಂಪನಿಗಳಲ್ಲಿ ಇಲ್ಲಿ ಓದಿದವರು ತುಂಬಾ ಜನ ಸಿಗುತ್ತಾರೆ. ನನ್ನ ಟೀಮಿನಲ್ಲೇ ಇದ್ದಾರೆ. ಯುಸಿ ಹೆಸರು ಬೇಕು ಅಂತ ಹಟ ಹಿಡಿಯುವ ಅಪ್ಪಂದಿರು ಒಮ್ಮೆ ತಮ್ಮ ಆಫೀಸಿನಲ್ಲೇ ಕೇಳಿ ನೋಡಲಿ, ಪಕ್ಕದ ಸೀಟಿನವರು ಎಲ್ಲಿ ಓದಿದ್ದು ಅಂತ. ಹಾಗಂತ ಸೀಟು ಸುಲಭ ಅಲ್ಲ. ಬೇಡಿಕೆ ಜಾಸ್ತಿ ಇರುವ ಮೇಜರ್‌ಗಳಿಗೆ ಕನಿಷ್ಠ ಅಂಕ ಇದ್ದರೆ ಸಾಲದು.

ಸ್ಯಾನ್ ಲೂಯಿಸ್ ಒಬಿಸ್ಪೋದ ಕ್ಯಾಲ್ ಪಾಲಿ ಇನ್ನೊಂದು ಜಾತಿ. ಫೀ ಬೇರೆ ಸಿಎಸ್‌ಯುಗಳಿಗಿಂತ ಜಾಸ್ತಿ, ಮನೆಯಿಂದ ದೂರ, ಆದರೆ ಇಂಜಿನಿಯರಿಂಗ್‌ಗೆ ಒಳ್ಳೆ ಹೆಸರು. "ಮಾಡಿ ಕಲಿ" ಅನ್ನುವುದೇ ಅವರ ಘೋಷವಾಕ್ಯ. ಕೈ ಮಸಿ ಮಾಡಿಕೊಳ್ಳಲು ಇಷ್ಟ ಇರುವ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ದಕ್ಷಿಣದಲ್ಲಿರುವವರಿಗೆ ಪೊಮೋನಾದ ಕ್ಯಾಲ್ ಪಾಲಿ ಇದೆ.

ಇಲ್ಲೊಂದು ಹೊಂಡ ಇದೆ, ಬೀಳಬೇಡಿ. ಸಿಎಸ್‌ಯುಗೆ ಹೋಗಲು ನಾಲ್ಕು ಕೋರ್ಸ್ ಮುಗಿದಿರಲೇಬೇಕು: ಭಾಷಣ, ಬರವಣಿಗೆ, ತಾರ್ಕಿಕ ಚಿಂತನೆ, ಗಣಿತ. ಗೋಲ್ಡನ್ ಫೋರ್ ಅನ್ನುತ್ತಾರೆ. ಯುಸಿಯ ಕನಿಷ್ಠ ಷರತ್ತಿನಲ್ಲಿ ಎರಡು ಇಂಗ್ಲಿಷ್ ಬರವಣಿಗೆ ಕೋರ್ಸ್ ಕೇಳುತ್ತಾರೆ, ಭಾಷಣದ ಕ್ಲಾಸ್ ಕೇಳುವುದಿಲ್ಲ. ಯುಸಿ ಒಂದೇ ಕಣ್ಣಮುಂದೆ ಇಟ್ಟುಕೊಂಡ ಹುಡುಗ ಭಾಷಣದ ಕ್ಲಾಸ್ ಬಿಡುತ್ತಾನೆ. ಏಪ್ರಿಲ್‌ನಲ್ಲಿ ಯುಸಿಗಳು ಇಲ್ಲ ಅಂದಾಗ ಕೈಯಲ್ಲಿ ಸಿಎಸ್‌ಯು ಕೂಡ ಇರುವುದಿಲ್ಲ. ಮೂರು ಯೂನಿಟ್‌ನ ಒಂದು ಕ್ಲಾಸ್ ಅಷ್ಟೇ. ಎದ್ದು ನಿಂತು ನಾಲ್ಕು ಮಾತು ಆಡಲು ನಾಚುವ ಹುಡುಗನಿಗೆ ಹೇಗೂ ಬೇಕಾದದ್ದು, ಅಲ್ವಾ?

ಕಮ್ಯೂನಿಟಿ ಕಾಲೇಜಿನವರು ಎಡಿಟಿ ಅನ್ನುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯ ಬಗ್ಗೆಯೂ ಹೇಳುತ್ತಾರೆ. ಅದು ಇದ್ದರೆ ಯಾವುದಾದರೂ ಒಂದು ಸಿಎಸ್‌ಯುನಲ್ಲಿ ಜಾಗ ಖಚಿತ. 2010ರ ಕಾನೂನಿನಿಂದ ಬಂದದ್ದು. ಒಳ್ಳೆಯದೇ. ಆದರೆ ಅದನ್ನು ಕಟ್ಟಿದ್ದು 60 ಯೂನಿಟ್ ಅಳತೆಗೆ. ಇಂಜಿನಿಯರಿಂಗ್‌ನ ಗಣಿತ, ಫಿಸಿಕ್ಸ್ ಆ ಅಳತೆಯೊಳಗೆ ಸುಲಭವಾಗಿ ಕೂರುವುದಿಲ್ಲ. ಇದರ ಹಿಂದೆ ಬಿದ್ದು ಪಟ್ಟಿ ಬಿಡಬೇಡಿ.

ಎಚ್-4 ಇರುವ ಮನೆಗಳಿಗೆ

ಇಂಗ್ಲಿಷ್‌ನಲ್ಲಿ ಬರುವ ಮಾರ್ಗದರ್ಶಿಗಳಲ್ಲಿ ಈ ವಿಷಯ ಅಷ್ಟಾಗಿ ಕಾಣುವುದಿಲ್ಲ. ನಮ್ಮವರಲ್ಲಿ ಮನೆ ಮನೆಯ ಕಥೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಾನುಗಟ್ಟಲೆ ನಿಂತಿದ್ದೀರಿ, ಮಗು ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಕುಟುಂಬದ ವೀಸಾದಲ್ಲಿದೆ. 21 ತುಂಬಿದ ದಿನ ಆ ವೀಸಾ ಮುಗಿಯುತ್ತದೆ. 18ಕ್ಕೆ ಕಮ್ಯೂನಿಟಿ ಕಾಲೇಜು ಸೇರಿ 20ಕ್ಕೆ ಟ್ರಾನ್ಸ್‌ಫರ್ ಆದರೆ, ಆ ಹುಟ್ಟುಹಬ್ಬ ಬರುವುದು ಯೂನಿವರ್ಸಿಟಿಯ ಮೊದಲ ವರ್ಷದಲ್ಲೇ.

ಎಚ್-4ನಲ್ಲಿರುವ ಮಗು ಷರತ್ತು ಪೂರೈಸಿದರೆ ಕ್ಯಾಲಿಫೋರ್ನಿಯಾ ನಿವಾಸಿಯ ಫೀ ಕಟ್ಟಬಹುದು. ಎಫ್-1, ಅಂದರೆ ವಿದ್ಯಾರ್ಥಿ ವೀಸಾಗೆ ಬದಲಾದ ಮೇಲೆ ಸಾಮಾನ್ಯವಾಗಿ ಆ ಸವಲತ್ತು ಇರುವುದಿಲ್ಲ. ಯುಸಿಯಲ್ಲಿ ಹೊರರಾಜ್ಯದವರು ಕಟ್ಟುವ ಹೆಚ್ಚುವರಿ ಟ್ಯೂಷನ್ ವರ್ಷಕ್ಕೆ 30 ಸಾವಿರ ಡಾಲರ್‌ಗೂ ಮೇಲೆ. ಸಿಎಸ್‌ಯುನಲ್ಲೂ ಹೆಚ್ಚುವರಿ ಇದೆ, ಆದರೆ ಯುಸಿಯ ಅರ್ಧಕ್ಕೂ ಕಡಿಮೆ. ಹಾಗಾಗಿ ಈ ಮನೆಗಳಿಗೆ ಯುಸಿ-ಸಿಎಸ್‌ಯು ಹೋಲಿಕೆಯ ತಕ್ಕಡಿಯೇ ಬೇರೆ. ಮೂರನೇ ವರ್ಷ ಕಮ್ಯೂನಿಟಿ ಕಾಲೇಜಿನಲ್ಲಿ ಕಳೆದರೆ ಏನಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ವಲಸೆ ವಕೀಲರನ್ನೂ ಯೂನಿವರ್ಸಿಟಿಯ ರೆಸಿಡೆನ್ಸಿ ಆಫೀಸನ್ನೂ ಎರಡನ್ನೂ ಕೇಳಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಬೇರೆ ರಾಜ್ಯದಲ್ಲಿದ್ದರೆ

ಕ್ಯಾಲಿಫೋರ್ನಿಯಾದ ನಿಯಮ ಟೆಕ್ಸಸ್‌ಗೆ ಹೊಂದುವುದಿಲ್ಲ. ಅಲ್ಲಿ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ ಕೆಲವು ಕಮ್ಯೂನಿಟಿ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಅಕಾಡೆಮಿ ನಡೆಸುತ್ತದೆ. ಗಣಿತ, ವಿಜ್ಞಾನ ಕಾಲೇಜಿನವರು ಹೇಳಿಕೊಡುತ್ತಾರೆ, ಇಂಜಿನಿಯರಿಂಗ್ ಕ್ಲಾಸ್ ಯೂನಿವರ್ಸಿಟಿಯವರೇ ಬಂದು ಮಾಡುತ್ತಾರೆ. ಇಲಿನಾಯ್‌ನ ಅರ್ಬಾನಾ-ಶಾಂಪೇನ್‌ಗೆ ಪಾರ್ಕ್‌ಲ್ಯಾಂಡ್ ಮುಂತಾದ ಕಾಲೇಜುಗಳಿಂದ ಇಂಜಿನಿಯರಿಂಗ್ ಪಾತ್‌ವೇಸ್ ಇದೆ. ವರ್ಜೀನಿಯಾದಲ್ಲಿ ನಾರ್ದರ್ನ್ ವರ್ಜೀನಿಯಾ ಕಮ್ಯೂನಿಟಿ ಕಾಲೇಜಿನಿಂದ ಜಾರ್ಜ್ ಮೇಸನ್‌ಗೆ ಅಡ್ವಾನ್ಸ್ ಅನ್ನುವ ಕಾರ್ಯಕ್ರಮ ಇದೆ. ಹೆಸರು ಬೇರೆ ಬೇರೆ. ಆದರೆ ಯಾವ ರಾಜ್ಯದಲ್ಲಿದ್ದರೂ ಕೋರ್ಸಿಗೆ ಕೋರ್ಸ್ ಹೊಂದಿಸಿ ಬರೆದ ಒಪ್ಪಂದ ಇದೆಯಾ ಅಂತ ಮೊದಲು ಕೇಳಿ.

ಒಳಗೆ ಹೋದ ಮೇಲಿನದ್ದೂ ಹೋಲಿಸಿ

ಟ್ರಾನ್ಸ್‌ಫರ್ ಆದ ಮಕ್ಕಳಿಗೆ ಕೆಲಸಕ್ಕೆ ಮುಂಚೆ ಸಿಗುವುದು ಒಂದೇ ಬೇಸಿಗೆ. ಆ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಕಂಪನಿಗಳು ಹುಡುಕಲು ಶುರು ಮಾಡುವುದು ಹಿಂದಿನ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಅಂದರೆ ಕ್ಯಾಂಪಸ್ಸಿಗೆ ಕಾಲಿಟ್ಟು, ಲೈಬ್ರರಿ ಎಲ್ಲಿದೆ ಅಂತ ಗೊತ್ತಾಗುವ ಮೊದಲೇ ಕರಿಯರ್ ಫೇರ್ ಬಂದು ಹೋಗುತ್ತದೆ. ರೆಸ್ಯೂಮೆ ಆಗಸ್ಟ್‌ನಲ್ಲೇ ಸಿದ್ಧ ಇರಬೇಕು.

ಯುಸಿಗಳಲ್ಲಿ ಬರ್ಕ್ಲಿ, ಮರ್ಸೆಡ್ ಬಿಟ್ಟು ಉಳಿದವೆಲ್ಲ ಕ್ವಾರ್ಟರ್. ಹತ್ತು ವಾರದಲ್ಲಿ ಪಾಠ ಮುಗಿದು ಪರೀಕ್ಷೆ. ಸೆಮಿಸ್ಟರ್ ಕಾಲೇಜಿನಿಂದ ಹೋದ ಮಕ್ಕಳಿಗೆ ಮೊದಲ ಕ್ವಾರ್ಟರ್ ಉಸಿರು ಕಟ್ಟುತ್ತದೆ. ಮೂರನೇ ವಾರಕ್ಕೇ ಮಿಡ್‌ಟರ್ಮ್. ಮೊದಲ ಕ್ವಾರ್ಟರಿನಲ್ಲಿ ಕಡಿಮೆ ಯೂನಿಟ್ ತೆಗೆದುಕೊಂಡರೆ ನಾಚಿಕೆ ಏನಿಲ್ಲ.

ಇನ್ನು ತಾರೀಖುಗಳು. ಯುಸಿ ಅರ್ಜಿ, ಸಿಎಸ್‌ಯು ಅರ್ಜಿ ಎರಡೂ ಅಕ್ಟೋಬರ್ 1ರಿಂದ, ನವೆಂಬರ್ ಕೊನೆಯೊಳಗೆ ಹಾಕುವುದು ಒಳ್ಳೆಯದು. ಅರ್ಜಿ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಜನವರಿಯಲ್ಲಿ ಫಾಲ್ ಗ್ರೇಡು, ಸ್ಪ್ರಿಂಗ್ ಕ್ಲಾಸ್‌ಗಳನ್ನು ಯುಸಿಗೆ ಮತ್ತೆ ತುಂಬಿ ಕಳಿಸಬೇಕು. ಅಪ್‌ಡೇಟ್ ಅಂತ ಇಮೇಲ್ ಬರುತ್ತದೆ. ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ, ನೋಡಿಕೊಳ್ಳಿ. ಉತ್ತರ ಬರುವುದು ಏಪ್ರಿಲ್‌ನಲ್ಲಿ, ಒಪ್ಪಿಗೆ ಕೊಡಲು ಜೂನ್ 1ರವರೆಗೆ ಸಮಯ.

ಮಗಳಿಗೆ ಡೇವಿಸ್, ಸ್ಯಾನ್ ಹೊಸೆ ಸ್ಟೇಟ್ ಎರಡೂ ಸಿಕ್ಕವು. ನನಗೆ ಡೇವಿಸ್ ಆಸೆ. ಯಾಕೆ ಅಂತ ಅವಳು ಕೇಳಿದಾಗ ಯುಸಿ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಅವಳು ಎರಡೂ ಡಿಪಾರ್ಟ್‌ಮೆಂಟಿಗೆ ಇಮೇಲ್ ಬರೆದು, ತನ್ನ ಕೋರ್ಸ್‌ಗಳ ಪಟ್ಟಿ ಲಗತ್ತಿಸಿ, ಡಿಗ್ರಿ ಮುಗಿಯಲು ಇನ್ನೇನು ಬಾಕಿ ಅಂತ ಕೇಳಿದಳು. ಒಂದು ವಾರದಲ್ಲಿ ಎರಡೂ ಕಡೆಯಿಂದ ಉತ್ತರ ಬಂತು. ಮತ್ತೆ ಅದೇ ಊಟದ ಮೇಜು, ಅದೇ ಹಳದಿ ಹೈಲೈಟರ್. ಡೇವಿಸ್‌ನಲ್ಲಿ ಆರು ಕ್ವಾರ್ಟರ್ ಸಾಕು. ಸ್ಯಾನ್ ಹೊಸೆಯಲ್ಲಿ ಐದು ಸೆಮಿಸ್ಟರ್, ಅಂದರೆ ಅರ್ಧ ವರ್ಷ ಜಾಸ್ತಿ. ಆದರೆ ಮನೆಯಲ್ಲಿದ್ದು ಓದಿದರೆ ಆ ಅರ್ಧ ವರ್ಷ ಸೇರಿಸಿದರೂ ಖರ್ಚು ಡೇವಿಸ್‌ನ ಅರ್ಧಕ್ಕಿಂತ ಕಡಿಮೆ. ಜೊತೆಗೆ ಒಂದರ ಬದಲು ಎರಡು ಬೇಸಿಗೆ ಇಂಟರ್ನ್‌ಶಿಪ್‌ಗೆ ಸಿಗುತ್ತದೆ. ಎರಡನೇ ಬೇಸಿಗೆಯ ಲೆಕ್ಕ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಳು ಅದರ ಕೆಳಗೆ ಎರಡು ಗೆರೆ ಎಳೆದು, ಸ್ಯಾನ್ ಹೊಸೆಗೆ ಒಪ್ಪಿಗೆ ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿದಳು.